ಬರೆದಿಟ್ಟು ಹೋಗಿ, ಟೀಚರ್

ಮೇ 31 ಬಂತೆಂದರೆ ನಮ್ಮ ಇಲಾಖೆಯಲ್ಲಿ ಬೀಳ್ಕೊಡುಗೆಗಳ ಸುಗ್ಗಿ. ನಮ್ಮ ತಲೆಮಾರಿನ ಟೀಚರುಗಳಲ್ಲಿ ಅನೇಕರು ದಾಖಲೆಯ ಪ್ರಕಾರ ಹುಟ್ಟಿದ್ದು ಜೂನ್ 1ಕ್ಕೆ. ನಿಜವಾಗಿ ಹುಟ್ಟಿದ್ದು ಯಾವ ಮಳೆಯಲ್ಲೋ ಅವ್ವನಿಗೂ ಸರಿಯಾಗಿ ನೆನಪಿರಲಿಲ್ಲ. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ತಮ್ಮ ಲೆಕ್ಕಕ್ಕೆ ಅನುಕೂಲವಾಗಲೆಂದು ಬರೆದುಕೊಂಡ ತಾರೀಖು ಅದು. ಆ ಮೇಷ್ಟ್ರ ಪೆನ್ನಿನ ಪುಣ್ಯ, ಅರವತ್ತು ತುಂಬಿದಾಗ ನಾವೆಲ್ಲ ಒಂದೇ ದಿನ ಮನೆಗೆ ಹೋಗುತ್ತೇವೆ. ಶಾಲು, ಗಂಧದ ಹಾರ, ಮೈಸೂರು ಪೇಟ, ಫಲತಾಂಬೂಲ, ಕೊನೆಗೊಂದು ಗೋಡೆ ಗಡಿಯಾರ. ಮೂವತ್ತು ವರ್ಷ ಗಂಟೆ ಬಾರಿಸಿಕೊಂಡು ಬದುಕಿದವರಿಗೆ ಗಡಿಯಾರ ಯಾಕೆ ಕೊಡುತ್ತಾರೋ ನನಗಂತೂ ತಿಳಿಯದು.

ಹೋಗುವ ಮೊದಲು ಚಾರ್ಜ್ ಒಪ್ಪಿಸಬೇಕು. ಬೆಂಚು ಇಷ್ಟು, ಬೀರು ಎರಡು, ಹಿತ್ತಾಳೆ ಗಂಟೆ ಒಂದು, ಭೂಪಟ ಮೂರು (ಒಂದು ಹರಿದಿದೆ), ತಕ್ಕಡಿ ಒಂದು. ಎಲ್ಲಕ್ಕೂ ಪಟ್ಟಿಯಿದೆ, ಪಟ್ಟಿಯ ಕೆಳಗೆ ಇಬ್ಬರ ಸಹಿಯಿದೆ. ಹೊಸ ಟೀಚರ್ ಬಂದು ಹರಿದ ಭೂಪಟವನ್ನೂ ಎಣಿಸಿ ತೆಗೆದುಕೊಳ್ಳುತ್ತಾಳೆ. ಆ ಕೋಣೆಯಲ್ಲಿ ಕೂರುವ ಮೂವತ್ತು ಮಕ್ಕಳ ವಿಚಾರದಲ್ಲಿ ಹಳೆಯ ಟೀಚರಿಗೆ ಏನೇನು ಗೊತ್ತಿತ್ತೋ ಅದು ಯಾವ ಪಟ್ಟಿಯಲ್ಲೂ ಇಲ್ಲ. ಅದು ಶಾಲಿನ ಜೊತೆ ಆಟೋ ಹತ್ತಿ ಹೊರಟುಹೋಗುತ್ತದೆ.

ಈ ಬರಹ ಅದರ ಬಗ್ಗೆ. ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಆ ಸಿಟ್ಟಿನಲ್ಲಿ ಮೊದಲ ಪಾಲು ನನ್ನದೇ.

ನಾನು ಮಳವಳ್ಳಿ ಕಡೆಯವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆಂಗಳೂರಿನ ವಿಜಯನಗರದ ಆಚೆಗಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಹಾಕಿದ್ದರು. ಕಟ್ಟಡ ಕೆಲಸಕ್ಕೆಂದು ಕಲಬುರಗಿ ಕಡೆಯಿಂದ ಬಂದು ತಗಡಿನ ಶೀಟಿನ ಮನೆಗಳಲ್ಲಿದ್ದವರ ಮಗಳೊಬ್ಬಳು ಮೂರನೇ ತರಗತಿಗೆ ಸೇರಿದ್ದಳು. ಬಂದ ಎರಡನೇ ದಿನ, ಊರಿನ ಬಗ್ಗೆ ಹೇಳಿ ಮಕ್ಕಳೇ ಎಂದಾಗ ಮೊದಲು ಎದ್ದುನಿಂತವಳು ಅವಳೇ. "ನಮ್ಮೂರಾಗ ದೊಡ್ಡ ಕೆರಿ ಅದ್ರಿ, ಮಿಸ್." ನಾನು, ಹೊಸ ಬಿಸಿಯಲ್ಲಿದ್ದವಳು, ತಟ್ಟನೆ ತಿದ್ದಿದೆ: "ಕೆರಿ ಅಲ್ಲಮ್ಮ, ಕೆರೆ. ಅದ ಅಲ್ಲ, ಇದೆ." ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ, ಸ್ವಲ್ಪ. ಆ ಹುಡುಗಿ ಕೂತಳು. ದಸರಾ ರಜೆ ಬರುವತನಕ ಅವಳ ಬಾಯಿಂದ ಇನ್ನೊಂದು ಪೂರ್ತಿ ವಾಕ್ಯ ಬರಲಿಲ್ಲ.

ಊಟದ ಹೊತ್ತಿನಲ್ಲಿ ನನ್ನ ಹಿರಿಯ ಟೀಚರ್ ಒಬ್ಬರು ಪಕ್ಕಕ್ಕೆ ಕರೆದರು. "ಅವಳು ಆಡಿದ್ದೂ ಕನ್ನಡಾನೇ ಕಣಮ್ಮ. ನೀನು ಇವತ್ತು ತಿದ್ದಿದ್ದು ಅವರಮ್ಮನ್ನ." ಅಷ್ಟೇ ಹೇಳಿ ಡಬ್ಬಿ ತೊಳೆಯಲು ಹೋದರು. ಬಿ.ಎಡ್., ಟಿ.ಸಿ.ಎಚ್. ಯಾವುದರಲ್ಲೂ ಯಾರೂ ನನಗೆ ಆ ಮಾತು ಹೇಳಿರಲಿಲ್ಲ.

ಆ ಹಿರಿಯರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಇನ್ನೂರು ಪುಟದ ಲಾಂಗ್ ಬುಕ್, ಕಂದು ಕಾಗದದ ಹೊದಿಕೆ, ಮೇಲೆ ಹೆಸರಿಲ್ಲ. ಪಾಠ ಟಿಪ್ಪಣಿ ಬೇರೆ, ಇದು ಬೇರೆ. ಪಾಠ ಟಿಪ್ಪಣಿ ಇನ್ಸ್‌ಪೆಕ್ಟರಿಗೆ, ಇದು ತನಗೆ. ನನಗೆ ಕೆಲವು ತಿಂಗಳು ಓದಲು ಕೊಟ್ಟಿದ್ದರು. ಹಾಳೆಗಳ ಅಂಚಿನಲ್ಲಿ ಸಾರಿನ ಕಲೆ, ನಡುವೆ ಯಾವುದೋ ಮಗುವಿನ ಚಿತ್ರ ಅಂಟಿಸಿದ್ದು. ನೆನಪಿನಲ್ಲಿ ಉಳಿದಷ್ಟನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ತಮಿಳು ಮನೆಮಾತಿನ ಮಗು 'ಗಾಡಿ'ಯನ್ನು 'ಕಾಡಿ' ಎಂದು ಬರೆದರೆ ಕಿವಿ ಹಿಂಡಬೇಡ. ಅವರ ಲಿಪಿಯಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ, ತ-ದಕ್ಕೂ ಒಂದೇ, ಪ-ಬಕ್ಕೂ ಒಂದೇ. ಗಂಟಲಿನ ಮೇಲೆ ಬೆರಳಿಡಿಸಿ ಎರಡನ್ನೂ ಅನ್ನಿಸು. 'ಗ'ಕ್ಕೆ ಬೆರಳು ಮೊದಲೇ ಝುಮ್ಮೆನ್ನುತ್ತೆ. ಕಿವಿಗೆ ಬಂದದ್ದು ಆಮೇಲೆ ಕೈಗೆ ಬರುತ್ತೆ. ಹಿಂದಿ, ನೇಪಾಳಿ ಆಡುವ ಮಕ್ಕಳಿಗೆ ಎ-ಏ, ಒ-ಓ ಬೇರೆ ಬೇರೆಯೆಂದು ಕೇಳಿಸುವುದೇ ಕಷ್ಟ. ಅವರ ಭಾಷೆಯಲ್ಲಿ ಆ ವ್ಯತ್ಯಾಸದಿಂದ ಅರ್ಥ ಬದಲಾಗುವುದಿಲ್ಲ. ಹಸುವಿನ ಚಿತ್ರದಲ್ಲಿ ಕೋಡು ತೋರಿಸು, ಕೈ ಚಾಚಿ 'ಕೊಡು' ಅನ್ನು, ಹತ್ತು ದಿನ ಆಟವಾಡಿಸು. ದಖ್ಖನಿ ಉರ್ದುವಿನ ಮನೆಯವರಿಗೆ 'ಳ' ನಾಲಿಗೆಗೆ ಹತ್ತುವುದಿಲ್ಲ, 'ಮಳೆ' ಅವರಲ್ಲಿ 'ಮಲೆ'. ನಗಬೇಡ, ನೀನೇ ಸುಸ್ತಾದಾಗ ಹಾಲಿಗೆ 'ಆಲು' ಅಂತೀಯ. (ಇದು ನನ್ನನ್ನು ನೋಡಿ ಬರೆದದ್ದೇ ಎಂದು ಇವತ್ತಿಗೂ ನನ್ನ ಅನುಮಾನ.) ತೆಲುಗು ಲಿಪಿ ಬಲ್ಲ ಮಗು ಬಂದರೆ ಅದು ನಿನ್ನ ಭಾಗ್ಯ, ಕನ್ನಡದ ಅಕ್ಷರಮಾಲೆ ಅರ್ಧ ಕಲಿತೇ ಬಂದಿದೆ.

ಇನ್ನೊಂದು ಪುಟ. ಅಗರಬತ್ತಿ ಹೊಸೆಯುವ ಮನೆಯ ಮಕ್ಕಳ ಬೆರಳು ಇದ್ದಿಲ ಪುಡಿಯಿಂದ ಕಪ್ಪಗಿರುತ್ತೆ, ಎಷ್ಟು ತೊಳೆದರೂ ಉಗುರ ಸಂದಿಯಲ್ಲಿ ಉಳಿಯುತ್ತೆ. ಶುಚಿತ್ವದ ಪಾಠ ಮಾಡುವಾಗ ಆ ಕೈಗಳನ್ನು ಎಲ್ಲರ ಮುಂದೆ ಎತ್ತಿಸಬೇಡ. ಗಾರ್ಮೆಂಟ್ಸಿಗೆ ಹೋಗುವ ತಾಯಂದಿರನ್ನು ಮಧ್ಯಾಹ್ನ ಶಾಲೆಗೆ ಕರೆಸಬೇಡ, ಕೂಲಿ ಹೋಗುತ್ತೆ. ಭಾನುವಾರ ನೀನೇ ಹೋಗು, ಕಾಫಿ ಕೊಟ್ಟರೆ ಕುಡಿ. ಕುಡಿಯದೆ ಬಂದರೆ ಯಾಕೆ ಕುಡಿಯಲಿಲ್ಲ ಎಂದು ಅವರು ಲೆಕ್ಕ ಹಾಕುತ್ತಾರೆ, ಆ ಲೆಕ್ಕ ನಿನಗೆ ಗೊತ್ತು. ಊರ ಜಾತ್ರೆಗೆ ಹೋದ ಮಗು ಹದಿನೈದು ದಿನ ಬರಲ್ಲ, ಹಾಜರಿಯಿಂದ ಹೆಸರು ಹೊಡೆಯಬೇಡ, ವಾಪಸ್ ಬಂದ ದಿನ ಜಾತ್ರೆಯ ವಿಷಯ ಬರೆಸು.

ಹೀಗೇ ಇನ್ನೂರು ಪುಟ.

ಅವರು ನಿವೃತ್ತರಾದರು. ಶಾಲು ಹೊದಿಸಿದೆವು, ಭಾಷಣ ಮಾಡಿದೆವು, ನಾನೂ ಮಾಡಿದೆ. ನೋಟ್‌ಬುಕ್ಕನ್ನು ಅವರು ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟು ಹೋದರು, ಯಾರಿಗಾದರೂ ಬೇಕಾದೀತು ಎಂದು. ಮುಂದಿನ ಬೇಸಿಗೆಯಲ್ಲಿ ಆ ಕೋಣೆಗೆ ಸುಣ್ಣ ಹೊಡೆಸಿದರು. ಬೀರು ಖಾಲಿ ಮಾಡಿದವರು ಹಳೆಯ ಉತ್ತರಪತ್ರಿಕೆಗಳ ಜೊತೆ ಅದನ್ನೂ ರದ್ದಿಗೆ ಹಾಕಿದರು, ಕೆ.ಜಿ. ಲೆಕ್ಕದಲ್ಲಿ. ಹರಿದ ಭೂಪಟ ಮಾತ್ರ ಉಳಿಯಿತು, ಅದು ಪಟ್ಟಿಯಲ್ಲಿತ್ತಲ್ಲ! ನಾನು ಅದೇ ಶಾಲೆಯಲ್ಲಿದ್ದೆ. ಒಂದು ದಿನ ಕೂತು ನಕಲು ಮಾಡಿಕೊಂಡಿದ್ದರೆ ಸಾಕಿತ್ತು. ಮಾಡಲಿಲ್ಲ. ಆ ಹುಡುಗಿಯ ಮುಂದೆ ನಕ್ಕಿದ್ದಕ್ಕಿಂತ ಇದು ನನ್ನ ದೊಡ್ಡ ತಪ್ಪು ಎಂದು ಈಗ ಅನ್ನಿಸುತ್ತದೆ.

"ಇಲಾಖೆಯ ತರಬೇತಿ ಇದೆಯಲ್ಲ, ಮಾಡ್ಯೂಲ್ ಕೊಡುತ್ತಾರಲ್ಲ" ಎನ್ನುವವರಿದ್ದಾರೆ. ಕೊಡುತ್ತಾರೆ. ರಾಜ್ಯಮಟ್ಟದಲ್ಲಿ ಕೆಲವರಿಗೆ, ಅವರು ಜಿಲ್ಲೆಯವರಿಗೆ, ಅವರು ಬ್ಲಾಕಿನವರಿಗೆ ಹೇಳಿ, ಬಿ.ಆರ್.ಸಿ.ಯ ಹಾಲಿನಲ್ಲಿ ನಮಗೆ ತಲುಪುವ ಹೊತ್ತಿಗೆ ಮೇಲಿಂದ ಇಳಿದ ಮಜ್ಜಿಗೆ ನೀರಾಗಿರುತ್ತದೆ. ಒಳಗೊಳ್ಳುವ ಶಿಕ್ಷಣ, ಬಹುಭಾಷಿಕ ತರಗತಿ, ಮಗುವಿನ ಸಾಮಾಜಿಕ ಹಿನ್ನೆಲೆ: ಮಾತುಗಳೆಲ್ಲ ಸರಿಯಾಗಿಯೇ ಇವೆ, ತಕರಾರಿಲ್ಲ. ಆದರೆ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಆಗಿರುವ ಪುಸ್ತಕ, ಕಾಮಾಕ್ಷಿಪಾಳ್ಯದ ಲೇತ್ ಶಾಪಿನವನ ಮಗ ಮಧ್ಯಾಹ್ನದ ಮೇಲೆ ಯಾಕೆ ತೂಕಡಿಸುತ್ತಾನೆ ಎಂದು ಹೇಳಲಾರದು. ಹೇಳಬಲ್ಲವಳು ಆ ತರಗತಿಯಲ್ಲಿ ಹತ್ತು ವರ್ಷ ನಿಂತವಳು ಮಾತ್ರ. ಹೊಸದಾಗಿ ಬಂದ ಅತಿಥಿ ಶಿಕ್ಷಕಿಯರಿಗಂತೂ ಆ ಮಜ್ಜಿಗೆ ನೀರೂ ಎಷ್ಟೋ ಸಲ ದಕ್ಕುವುದಿಲ್ಲ. ಹತ್ತು ಹನ್ನೆರಡು ಸಾವಿರದ ಗೌರವಧನಕ್ಕೆ, ಮುಂದಿನ ಜೂನ್‌ನಲ್ಲಿ ಇರುತ್ತೇನೋ ಇಲ್ಲವೋ ಎಂಬ ಚಿಂತೆಯಲ್ಲಿ, ಒಂದೊಂದು ಸಲ ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವ ಹೆಣ್ಣುಮಕ್ಕಳು ಅವರು. ಅವರಿಗೆ ನಾವು ಕೊಡುವುದು ಸೀಮೆಸುಣ್ಣದ ಡಬ್ಬಿ.

ಟೀಚರುಗಳಿಗೆ ಬರೆಯಲು ಬರುವುದಿಲ್ಲ, ಅದು ತಜ್ಞರ ಕೆಲಸ ಎಂಬ ಮಾತನ್ನೂ ಕೇಳಿದ್ದೇನೆ. ನಲಿಕಲಿ ಎಂಬ ಕಲಿಕಾ ಪದ್ಧತಿ ಹುಟ್ಟಿದ್ದು ಎಲ್ಲಿ? 1995ರಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನ ಯೋಜನೆಯೊಂದರಲ್ಲಿ. ಅಲ್ಲಿನ ಸರ್ಕಾರಿ ಶಾಲೆಯ ಟೀಚರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡು ಹಿಡಿದು ಕಲಿಯುವುದನ್ನು ನೋಡಿ ಬಂದರು. ಬಂದವರು ಅದನ್ನು ಹಾಗೇ ಎತ್ತಿ ತಂದು ಇಳಿಸಲಿಲ್ಲ. ತಮ್ಮ ತಾಲ್ಲೂಕಿನ ಮಕ್ಕಳ ಮಾತು, ಹಾಡು, ಆಟ ಹಾಕಿ ತಾವೇ ಕಾರ್ಡು ಬರೆದರು, ಕಲಿಕೆಯ ಏಣಿ ಕಟ್ಟಿದರು, ಮಕ್ಕಳ ಕೆಲಸ ತೂಗುಹಾಕಲು ಚಪ್ಪರ ಹಾಕಿದರು. ಅನಿತಾ ಕೌಲ್‌ರಂಥ ಅಧಿಕಾರಿ ಬೆನ್ನಿಗೆ ನಿಂತರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು, ಅಚ್ಚಾದ ಕಾರ್ಡುಗಳ ಪೆಟ್ಟಿಗೆಯಾಗಿ. ನನ್ನ ಅಭಿಪ್ರಾಯ ಕೇಳಿದರೆ, ಏನೋ ಒಂದು ಜೀವ ಹೋದದ್ದು ಅಲ್ಲೇ. ಬರೆದವರಿಗೆ ಒಂದೊಂದು ಕಾರ್ಡಿನ ಹಿಂದೆಯೂ ಒಂದು ಮಗುವಿನ ಮುಖ ಕಾಣುತ್ತಿತ್ತು; ಪೆಟ್ಟಿಗೆ ಪಡೆದವರಿಗೆ ಕಾಣಿಸಿದ್ದು ಕ್ರಮಸಂಖ್ಯೆ. ಆದರೂ ಒಂದು ಮಾತು ಸಾಬೀತಾಯಿತು: ಕನ್ನಡದ ಪ್ರಾಥಮಿಕ ಶಾಲೆಯ ಟೀಚರು ಬರೆಯಬಲ್ಲಳು, ಬರೆದದ್ದು ಇಡೀ ರಾಜ್ಯಕ್ಕೆ ಆದೀತು.

ಇನ್ನೂ ಹಿಂದೆ ಹೋದರೆ, 1860ರ ದಶಕದಲ್ಲೇ ಕನ್ನಡ ಶಿಕ್ಷಕರಿಗಾಗಿ 'ಮಠಪತ್ರಿಕೆ' ಹೊರಟಿತ್ತು. ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರ ಕಾಲ ಅದು. ಮುಂಬಯಿ ಪ್ರಾಂತದ ಕನ್ನಡ ಮಕ್ಕಳು ಮರಾಠಿ ಶಾಲೆಗಳಲ್ಲಿ ಕೂತು, ಮನೆಯಲ್ಲಿ ಕೇಳದ ಮಾತಿನಲ್ಲಿ ಪಾಠ ಒಪ್ಪಿಸುತ್ತಿದ್ದ ದಿನಗಳು. ಅಂದು ಹಿಂದಿನ ಬೆಂಚಿನಲ್ಲಿ ಬಾಯಿ ಕಟ್ಟಿ ಕೂತ ಮಗು ನಮ್ಮದು. ಇವತ್ತಿಗೂ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕಿದರೆ ಇಲ್ಲಿ ನಮ್ಮ ರಕ್ತ ಕುದಿಯುತ್ತದೆ, ಕುದಿಯಬೇಕಾದ್ದೇ. ಅಲ್ಲಿನದು ಹಕ್ಕಿನ ಪ್ರಶ್ನೆ, ಇಲ್ಲಿನದು ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ ಎಂದು ನನಗೂ ಗೊತ್ತು. ಆದರೆ ಟೀಚರ್ ಆಡುವ ಮಾತು ಅರ್ಥವಾಗದೆ ಕಿಟಕಿ ನೋಡುತ್ತ ಕೂರುವ ಆರು ವರ್ಷದ ಮಗುವಿಗೆ ಈ ವ್ಯತ್ಯಾಸ ತಿಳಿಯುತ್ತದೆಯೇ?

ಇಲ್ಲಿ ರಾಜಾಜಿನಗರದವರೊಂದಿಗೆ ಒಂದು ಮಾತು ಆಡಬೇಕು. ನವೆಂಬರ್ 1ರಂದು ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಹಾರುವ ಬಾವುಟಗಳ ಕೆಳಗೆ ನಾನೂ ನಡೆದವಳು, ಅಣ್ಣಾವ್ರ ಹಾಡಿಗೆ ಕಣ್ಣು ಒರೆಸಿಕೊಂಡವಳು. ಆದರೆ 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮನೆಮಾತಾದವರು ಅರ್ಧಕ್ಕಿಂತ ಕಡಿಮೆ. ಆಮೇಲೆ ತಮಿಳು, ತೆಲುಗು, ಉರ್ದು. ಕನ್ನಡಕ್ಕೆ ಹೊಸ ಜನ ಎಲ್ಲಿಂದ ಬರಬೇಕು? ಬಸವೇಶ್ವರನಗರದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತ ನೇಪಾಳಿ ವಾಚ್‌ಮನ್ನಿನ ಮಗಳು ಪಕ್ಕದ ಸರ್ಕಾರಿ ಶಾಲೆಯಲ್ಲಿ ಕನ್ನಡದ ಒತ್ತಕ್ಷರ ತಿದ್ದುತ್ತಿದ್ದಾಳೆ. ಅದೇ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಅಚ್ಚ ಕನ್ನಡಿಗರ ಮೊಮ್ಮಗ ಸಿ.ಬಿ.ಎಸ್.ಇ. ಶಾಲೆಯ ಹಳದಿ ಬಸ್ಸು ಹತ್ತಿ ಹೋಗುತ್ತಾನೆ. ಅದನ್ನು ನಾನು ಬೈಯಲಾರೆ, ನನ್ನ ಮಗನೂ ಅದೇ ಬಸ್ಸು ಹತ್ತಿದವನು. ಆದರೆ ನಾಳೆ ಕನ್ನಡದಲ್ಲಿ ಪತ್ರಿಕೆ ಓದುವವಳು ಆ ಗೇಟಿನ ಮಗುವೇ ಆಗಬಹುದು. ಅವಳಿಗೆ ಕಲಿಸುವ ಇಪ್ಪತ್ತೈದು ವರ್ಷದ ಟೀಚರಿನ ಕೈಗೆ ನಾವು ಏನು ಕೊಟ್ಟಿದ್ದೇವೆ? ಬಾವುಟಕ್ಕೆ ಚಂದಾ ಎತ್ತುವ ಸಂಘಗಳು ಒಂದು ವರ್ಷ ನಲವತ್ತು ಪುಟದ ಕೈಪಿಡಿಯೊಂದನ್ನು ಅಚ್ಚು ಹಾಕಿಸಿದರೆ ಕನ್ನಡಕ್ಕೆ ಏನು ನಷ್ಟ?

ನಲವತ್ತೇ ಪುಟ ಎಂದೆ. ಅದಕ್ಕಿಂತ ದಪ್ಪವಾದರೆ ಬೀರು ಸೇರುತ್ತದೆ. ಉದ್ದೇಶಗಳು, ಗುರಿಗಳು, ಸಂದೇಶಗಳು, ಸಚಿವರ ಭಾವಚಿತ್ರ ಯಾವುದೂ ಬೇಡ. ಜೂನ್ ಮೊದಲ ವಾರ ಹೊಸಬಳು ರಾತ್ರಿ ಓದಿ ಬೆಳಗ್ಗೆ ಮಾಡುವಂಥದ್ದು ಬೇಕು. ಸಿಲ್ವಿಯಾ ಆಷ್ಟನ್-ವಾರ್ನರ್ ಎಂಬಾಕೆ ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಓದು ಕಲಿಸುವಾಗ ಪಠ್ಯದ ಪದಗಳನ್ನು ಬದಿಗಿಟ್ಟು, ಇವತ್ತು ನಿನಗೆ ಯಾವ ಪದ ಬೇಕು ಎಂದು ಒಂದೊಂದು ಮಗುವನ್ನೂ ಕೇಳಿ ಅದನ್ನೇ ರಟ್ಟಿನ ಮೇಲೆ ಬರೆದುಕೊಡುತ್ತಿದ್ದರು. 1963ರಲ್ಲಿ 'ಟೀಚರ್' ಎಂಬ ಹೆಸರಿನಲ್ಲೇ ಅದನ್ನು ಪುಸ್ತಕ ಮಾಡಿದರು, ಜಗತ್ತು ಓದಿತು. ನಮ್ಮ ನಾಯಂಡಹಳ್ಳಿಯ ತರಗತಿಯಲ್ಲಿ ಅದೇ ಪ್ರಶ್ನೆ ಕೇಳಿನೋಡಿ. ಒಬ್ಬ 'ಕ್ರೇನ್' ಎನ್ನುತ್ತಾನೆ, ಒಬ್ಬಳು 'ತಮ್ಮ', ಇನ್ನೊಬ್ಬ 'ಮೆಟ್ರೋ'. ಅಲ್ಲಿಂದಲೇ ಅಕ್ಷರ ಶುರುವಾಗಲಿ. ಇಂಥ ಪದಗಳ ಒಂದು ಪುಟ ನಮ್ಮ ಕೈಪಿಡಿಯಲ್ಲಿ ಇರಬೇಡವೇ?

ಕಾನೂನಿನದ್ದೂ ಒಂದು ಪುಟ ಇರಲಿ, ದೊಡ್ಡ ಅಕ್ಷರದಲ್ಲಿ. ಶಿಕ್ಷಣ ಹಕ್ಕು ಕಾಯ್ದೆ, 2009. ಟಿ.ಸಿ. ತರುವುದು ತಡವಾಯಿತೆಂದು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ, 5ನೇ ಸೆಕ್ಷನ್. ಶಾಲೆಯ ಮುಖ ನೋಡದ ಹತ್ತು ವರ್ಷದ ಹುಡುಗನನ್ನು ಒಂದನೇ ತರಗತಿಯ ಚಿಕ್ಕವರ ನಡುವೆ ಕೂರಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿ, ಜೊತೆಗೆ ವಿಶೇಷ ತರಬೇತಿ, 4ನೇ ಸೆಕ್ಷನ್. ಹೊಡೆಯುವುದಕ್ಕೆ ಮಾತ್ರವಲ್ಲ, ಮಾನಸಿಕವಾಗಿ ಹಿಂಸಿಸುವುದಕ್ಕೂ ನಿಷೇಧವಿದೆ, 17ನೇ ಸೆಕ್ಷನ್. "ಏ ಬಿಹಾರಿ, ಬೋರ್ಡ್ ಒರೆಸು" ಎನ್ನುವುದು ಯಾವ ಲೆಕ್ಕಕ್ಕೆ ಬರುತ್ತದೆ ಎಂದು ಟೀಚರೇ ಯೋಚಿಸಲಿ. ಮಗುವಿಗೆ ಹೆಸರಿದೆ. ನಮಗೆ ಆ ಹೆಸರು ಉಚ್ಚರಿಸಲು ಬರದಿದ್ದರೆ ಅದರ ತಾಯಿಯ ಹತ್ತಿರ ಹೋಗಿ ಕಲಿಯೋಣ; ಮಗು ನಮ್ಮ 'ಳ' ಕಲಿಯುತ್ತಿಲ್ಲವೇ?

ಮತ್ತೆ ಮೊಟ್ಟೆ. ಹೌದು, ಮೊಟ್ಟೆಯೂ ಕೈಪಿಡಿಯ ವಿಷಯವೇ. ಬಿಸಿಯೂಟಕ್ಕೆ ಮೊಟ್ಟೆ ಬಂದಮೇಲೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತೇವೆ. ಎರಡು ಸಾಲು ಮಾಡಿಸುತ್ತೇವೆ, ಕೆಲಸ ಬೇಗ ಮುಗಿಯಲೆಂದು. ಆ ಎರಡು ಸಾಲುಗಳನ್ನು ಒಮ್ಮೆ ದೂರದಿಂದ ನಿಂತು ನೋಡಿ. ಯಾವ ಸಾಲಿನಲ್ಲಿ ಯಾವ ಕೇರಿಯ ಮಕ್ಕಳು ನಿಂತಿದ್ದಾರೆ, ಯಾರು ಯಾವ ಸಾಲನ್ನು ನೋಡಿ ಮೂಗು ಮುಚ್ಚಿಕೊಳ್ಳುತ್ತಿದ್ದಾರೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಶಾಲೆಗೆ ಜಾತಿ ಬರುವುದು ದಾಖಲಾತಿ ಪುಸ್ತಕದಿಂದ ಮಾತ್ರವಲ್ಲ, ಸಾಲಿನಿಂದಲೂ. ನಾನು ಕೊನೆಯ ವರ್ಷಗಳಲ್ಲಿ ಮಾಡಿದ್ದು ಇಷ್ಟೇ: ಒಂದೇ ಸಾಲು, ಒಂದೇ ಬುಟ್ಟಿಯಲ್ಲಿ ಮೊಟ್ಟೆಯೂ ಹಣ್ಣೂ, ಬೇಕಾದ್ದನ್ನು ಮಗು ತಾನೇ ಎತ್ತಿಕೊಳ್ಳಲಿ. ಅದಕ್ಕೆ ಸುತ್ತೋಲೆ ಬೇಕಾಗಲಿಲ್ಲ. ಹತ್ತು ನಿಮಿಷ ಹೆಚ್ಚು ಹಿಡಿಯಿತು, ಅಷ್ಟೇ.

ಈ ಬುಟ್ಟಿಯ ವಿಷಯ ಪಕ್ಕದ ಶಾಲೆಯ ಟೀಚರಿಗೆ ಗೊತ್ತಿಲ್ಲ, ನಾನು ಹೇಳಿಲ್ಲ. ಅವರು ಏನೇನು ಕಂಡುಕೊಂಡಿದ್ದಾರೋ ನನಗೆ ಗೊತ್ತಿಲ್ಲ, ಅವರು ಹೇಳಿಲ್ಲ. ಸಮಾಲೋಚನಾ ಸಭೆಯಲ್ಲಿ ಸಿಕ್ಕಾಗ ನಾವು ಮಾತಾಡುವುದು ಡಿ.ಎ. ಎಷ್ಟು ಹೆಚ್ಚಿತು, ಮಕ್ಕಳ ದಾಖಲೆಯ ತಂತ್ರಾಂಶ ಸ್ಯಾಟ್ಸ್‌ನಲ್ಲಿ ಎಂಟ್ರಿ ಯಾಕೆ ಆಗುತ್ತಿಲ್ಲ, ಚುನಾವಣೆ ಡ್ಯೂಟಿ ಯಾರಿಗೆ ಬಿತ್ತು. ದುಡಿಮೆಯ ಭಾರ ನನಗೆ ಗೊತ್ತು, ಗಣತಿಗೆ ಬಿಸಿಲಲ್ಲಿ ಮನೆಮನೆ ತಿರುಗಿದವಳು ನಾನೂ. ಆದರೂ ಕೇಳುತ್ತೇನೆ: ಮೂವತ್ತು ವರ್ಷ ಮಕ್ಕಳ ಜೊತೆ ಕಳೆದವರು ಮೂವತ್ತು ಪುಟ ಬರೆಯದೆ ಹೋಗುವುದು ನ್ಯಾಯವೇ? ನಮ್ಮ ಸಂಬಳದಲ್ಲಿ ಆ ಅಗರಬತ್ತಿಯ ಬೆರಳುಗಳ ಪಾಲೂ ಇತ್ತಲ್ಲವೇ?

ಕೆಂಗೇರಿಯಿಂದ ರಾಜಾಜಿನಗರದವರೆಗೆ ಇರುವ ಹಿರಿಯ ಟೀಚರುಗಳೇ, ಮೇಷ್ಟ್ರುಗಳೇ, ಸರ್ಕಾರಿಯವರು, ಅನುದಾನಿತದವರು, ಗಲ್ಲಿಯ ಸಣ್ಣ ಖಾಸಗಿ ಶಾಲೆಯವರು ಎಲ್ಲರನ್ನೂ ಕೇಳಿಕೊಳ್ಳುತ್ತಿದ್ದೇನೆ. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ವಾರಕ್ಕೊಂದು ಪುಟ ಸಾಕು. ಸಾಹಿತ್ಯ ಬೇಡ, ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ. ಗೆದ್ದದ್ದಕ್ಕಿಂತ ಕೆಟ್ಟದ್ದನ್ನು ಮೊದಲು ಬರೆಯಿರಿ. ಹೊಸಬರಿಗೆ ಹೆಚ್ಚು ಉಪಯೋಗ ಅದರದ್ದೇ. ಮಗುವಿನ ಹೆಸರು ಮಾತ್ರ ಹಾಕಬೇಡಿ. ಆಗಾಗ ಒಂದು ಶನಿವಾರ ಮಧ್ಯಾಹ್ನ ಹಂಪಿನಗರದ ಗ್ರಂಥಾಲಯದ ಹತ್ತಿರ ನಾಲ್ಕು ಜನ ಸೇರಿ ಒಬ್ಬರದನ್ನೊಬ್ಬರು ಓದೋಣ. ಕೆಂಗೇರಿಯವರಿಗೂ 2021ರಿಂದ ಮೆಟ್ರೋ ಇದೆ, ದೂರವೆನ್ನುವಂತಿಲ್ಲ. ನಾಲ್ಕು ನೋಟ್‌ಬುಕ್ ಸೇರಿದರೆ ನಲವತ್ತು ಪುಟದ ಕೈಪಿಡಿ ತಾನಾಗಿ ಆಗುತ್ತದೆ. ಬಿ.ಇ.ಒ. ಸಾಹೇಬರು ಅದನ್ನು ಜೆರಾಕ್ಸ್ ಮಾಡಿಸಿ ಹೊಸಬರಿಗೆ ಹಂಚಿದರೆ ಸಂತೋಷ. ಹಂಚದಿದ್ದರೆ ನಾವೇ ಹಂಚೋಣ.

ಈ ಮೇ 31ಕ್ಕೆ ಹೋಗುತ್ತಿರುವವರಿಗೆ ಸಮಯ ಕಡಿಮೆ, ಅವರು ಇವತ್ತೇ ಶುರು ಮಾಡಬೇಕು. ಹೆಡ್‌ಮಾಸ್ಟರುಗಳಿಗೆ ಒಂದೇ ಬೇಡಿಕೆ: ಚಾರ್ಜ್ ಪಟ್ಟಿಯಲ್ಲಿ ಗಂಟೆ, ತಕ್ಕಡಿ, ಹರಿದ ಭೂಪಟದ ಕೆಳಗೆ ಇನ್ನೊಂದು ಸಾಲು ಸೇರಿಸಿ. 'ಟೀಚರ್ ಬರೆದ ನೋಟ್‌ಬುಕ್, ಒಂದು.' ಕೊಟ್ಟವರದ್ದೂ ತೆಗೆದುಕೊಂಡವರದ್ದೂ ಸಹಿ ಹಾಕಿಸಿ.